ಡೊಮಿನಿಕ್ ಮಾಸ್ಟ್ರ ಬೈವೇ

ಗೇಟನ್ನು ಮೊದಲು ಕಂಡವಳು ವಾರಿಜಾ.

ಬೆಳಗ್ಗೆ ಆರೂವರೆ. ಮೀನಿನ ಬುಟ್ಟಿ ಹೊತ್ತು ಕಡಲ ತಡಿಯ ಮನೆಯಿಂದ ಹೊರಟವಳು ದಾರಿಯ ತುದಿಗೆ ಬಂದು ನಿಂತುಬಿಟ್ಟಳು. ಒಂದು ವಾರದಿಂದ ಅಲ್ಲಿ ಎರಡು ಕಂಬ ಏಳುತ್ತಿದ್ದವು. ಕಾಂಪೌಂಡಿಗೆ ಇರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಈಗ ಆ ಕಂಬಗಳ ನಡುವೆ ಆಳೆತ್ತರದ ಕಬ್ಬಿಣದ ಗೇಟು. ಬೀಗ. ಆಚೆ ಬದಿಯಲ್ಲಿ ಕುರ್ಚಿ ಹಾಕಿ ಕುಳಿತ ಕಾವಲುಗಾರ.

"ಎಂತ ಇದು? ತೆಗೆಯಿರಿ."

"ತೆಗೆಯಲಿಕ್ಕೆ ಆರ್ಡರ್ ಇಲ್ಲ ಅಕ್ಕಾ. ಇದು ಈಗ ರೆಸಾರ್ಟಿನ ಜಾಗ."

"ಜಾಗ ಯಾರದ್ದಾದರೂ ಆಗಲಿ. ದಾರಿ ನಮ್ಮದಲ್ವಾ?"

ಕಾವಲುಗಾರ ಸರಳುಗಳ ನಡುವಿನಿಂದ ಒಂದು ಜೆರಾಕ್ಸ್ ಪ್ರತಿ ನೀಡಿದ. ಕೈಬರಹದ ಐದು ಸಾಲು ಇಂಗ್ಲಿಷ್. ವಾರಿಜಾಳಿಗೆ ಓದಲು ಬರುವುದಿಲ್ಲ. ಆದರೆ ಕೆಳಗಿನ ಸಹಿಯನ್ನು ಅವಳು ಬಲ್ಲಳು. ರೇಷನ್ ಕಾರ್ಡಿನಿಂದ ಹಿಡಿದು ಬೀದಿದೀಪದವರೆಗೆ ಆ ಸಾಲಿನ ಮನೆಗಳ ಎಲ್ಲ ಅರ್ಜಿಗಳನ್ನೂ ಬರೆದುಕೊಟ್ಟವರ ಸಹಿ ಅದು.

ಡೊಮಿನಿಕ್ ಮಾಸ್ಟ್ರು. ಅವರು ತೀರಿಹೋಗಿ ನಾಲ್ಕು ತಿಂಗಳಾಗಿತ್ತು.

ಅದೇ ದಿನ ಹನ್ನೊಂದು ಗಂಟೆಗೆ ಮೂವರು ಉಡುಪಿಯ ನನ್ನ ವಕೀಲಿ ಕಚೇರಿಗೆ ಬಂದರು. ವಾರಿಜಾ, ಅವಳ ಗಂಡ ಗುಣಪಾಲ, ಮಗಳು ಮಾನಸ. ಗುಣಪಾಲ ಒಂದು ಕಾಲದಲ್ಲಿ ಮಲ್ಪೆಯ ಬೋಟುಗಳಲ್ಲಿ ದುಡಿದವ. ಈಗ ಹೃದಯದ ತೊಂದರೆ. ಮನೆಯಲ್ಲಿ ಕುಳಿತು ಬಲೆ ದುರಸ್ತಿ ಮಾಡುತ್ತಾನೆ. ಮಾನಸ ಉಡುಪಿಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಇಪ್ಪತ್ತಾರು ವರ್ಷ. ಕಡಿಮೆ ಮಾತು.

"ಓದಿ ಹೇಳು ಮಗಾ," ಎಂದಳು ವಾರಿಜಾ.

ಮಾನಸ ಕಾಗದವನ್ನು ಕನ್ನಡದಲ್ಲಿ ಹೇಳಿದಳು. "ಕಡಲ ತಡಿಯ ಹನ್ನೊಂದು ಮನೆಯವರು ನನ್ನ ಮನೆಯ ಪಕ್ಕದ ದಾರಿಯನ್ನು ಬಳಸುತ್ತ ಬಂದದ್ದು ಕೇವಲ ನನ್ನ ಅನುಮತಿಯ ಮೇರೆಗೆ. ಅವರಿಗೆ ಅದರ ಮೇಲೆ ಬೇರೆ ಯಾವ ಹಕ್ಕೂ ಇಲ್ಲ. ಆ ಅನುಮತಿಯನ್ನು ನಾನು ಇಂದಿನಿಂದ ಹಿಂದಕ್ಕೆ ಪಡೆದಿದ್ದೇನೆ."

ವಕೀಲನಿಗೆ ಇದಕ್ಕಿಂತ ಕೆಟ್ಟ ಕಾಗದ ಇನ್ನೊಂದಿಲ್ಲ. ಇಪ್ಪತ್ತು ವರ್ಷ ಹಕ್ಕಿನಿಂದ ನಡೆದ ದಾರಿಯನ್ನು ಯಾರೂ ಮುಚ್ಚುವಂತಿಲ್ಲ. ಆದರೆ ಜಾಗದ ಯಜಮಾನನ ಅನುಮತಿಯಿಂದ ನಡೆದಿದ್ದರೆ ನೂರು ವರ್ಷ ನಡೆದರೂ ಹಕ್ಕು ಹುಟ್ಟುವುದಿಲ್ಲ. ಬರೆದವರಿಗೆ ಎಲ್ಲಿ ಹೊಡೆಯಬೇಕೆಂದು ಗೊತ್ತಿತ್ತು.

"ಮಾಸ್ಟ್ರು ಹೀಗೆ ಬರೆಯಲಿಕ್ಕೆ ಸಾಧ್ಯವೇ ಇಲ್ಲ," ಎಂದ ಗುಣಪಾಲ. "ಬೈವೇ ನಿಮ್ಮದು, ನಾನು ಬರೀ ಪಕ್ಕದ ಮನೆಯವ ಅಂತ ಹೇಳುತ್ತಿದ್ದರು."

"ಏನು ನಿಮ್ಮದು?"

"ಬೈವೇ. ದಾರಿಗೆ ಅವರು ಇಟ್ಟ ಹೆಸರು. ಈಗ ಎಲ್ಲರೂ ಹಾಗೇ ಹೇಳುವುದು. ರಿಕ್ಷಾದವರು ಸಹ."

ದಾವೆ ಹಾಕಿದೆ. ರೆಸಾರ್ಟಿನವರು ಮೂಲ ಕಾಗದವನ್ನು ಕೋರ್ಟಿಗೆ ಹಾಜರುಪಡಿಸಿದರು. ನಾನು ಅದರ ಫೋಟೋ ಪ್ರತಿಯನ್ನು, ಮಾಸ್ಟ್ರು ಕಲಿಸಿದ ಶಾಲೆಯಿಂದ ತರಿಸಿದ ಅವರ ಹಳೆಯ ಬರಹದ ಜತೆ, ಬೆಂಗಳೂರಿನ ಕೈಬರಹ ತಜ್ಞರೊಬ್ಬರಿಗೆ ಕಳಿಸಿದೆ. ಉತ್ತರ ಬಂತು: ಅಕ್ಷರಗಳ ಆಕಾರ ಡೊಮಿನಿಕ್ ಅವರದ್ದೇ. ಸಂಶಯಕ್ಕೆ ಎಡೆಯಿಲ್ಲ.

ಆ ಸಂಜೆ ನಾನು ಕಡಿಯಾಳಿಗೆ, ವೆರೊನಿಕಾ ಮೇಡಂ ಮನೆಗೆ ಹೋದೆ.

ವೆರೊನಿಕಾ ಕ್ರಾಸ್ತಾ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಖೋಟಾ ಕಾಗದದ ಪ್ರಕರಣಗಳಲ್ಲಿ ಜಿಲ್ಲೆಯಲ್ಲಿ ಅವರಷ್ಟು ಪಳಗಿದವರು ಇರಲಿಲ್ಲ. ಅರುವತ್ತನಾಲ್ಕು ವರ್ಷ. ಮೊಣಕಾಲು ನೋವು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು.

"ಪ್ರವೀಣ್, ಈ ಮಾಸ್ಟ್ರು ಇಂಗ್ಲಿಷಿನಲ್ಲಿ ಹೇಗೆ? ಗಟ್ಟಿಯಾ?"

"ಕಾರ್ಕಳದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವರು ಮೇಡಂ."

"ಹೌದಾ," ಎಂದರು. ಕಾಗದ ಮಡಚಿ ಕೊಟ್ಟರು. "ನಾಳೆ ಕಾಪುವಿಗೆ, ಮಾಸ್ಟ್ರ ಮನೆಗೆ ಹೋಗುವ."

ಮಾಸ್ಟ್ರಿಗೆ ಮದುವೆಯಾಗಿರಲಿಲ್ಲ. ಮನೆ ಅಣ್ಣನ ಮಗ ಕಾರ್ಲ್‌ನ ಪಾಲಾಗಿತ್ತು. ಕುವೈತಿನಲ್ಲಿ ಕೆಲಸ. ಜನವರಿಯಲ್ಲಿ ಚಿಕ್ಕಪ್ಪನನ್ನು ಮಣ್ಣು ಮಾಡಲು ಬಂದವನು ಜಾಗ ಮಾರಿ ಮುಗಿಸುವ ತನಕ ರಜೆ ಮುಂದುವರಿಸಿದ್ದ. ನಾವು ಹೋದಾಗ ಚಾವಡಿಯ ತುಂಬ ರಟ್ಟಿನ ಪೆಟ್ಟಿಗೆಗಳು. ಗೋಡೆಯಲ್ಲಿ ಕಪಾಟು ಕಳಚಿದ ಕಲೆಗಳು.

"ಕಾಗದ ಎಲ್ಲಿ ಸಿಕ್ಕಿತು?" ಮೇಡಂ ಕೇಳಿದರು.

"ಅಂಕಲ್‌ನ ದೊಡ್ಡ ಡಿಕ್ಷನರಿ ಒಳಗೆ."

"ಯಾವಾಗ?"

"ಏಪ್ರಿಲ್‌ನಲ್ಲಿ. ಎರಡನೇ ವಾರ."

"ನೀವಾಗಿಯೇ ತೆರೆದು ನೋಡಿದ್ದಾ?"

ಕಾರ್ಲ್ ತಡವರಿಸಿದ. "ಜಿತೇಂದ್ರ ಹೇಳಿದರು. ರೆಸಾರ್ಟಿನ ಪಾರ್ಟ್‌ನರ್. ದಾರಿಯ ಬಗ್ಗೆ ಮಾಸ್ಟ್ರು ಏನಾದರೂ ಬರೆದಿಟ್ಟಿರಬಹುದು, ಪುಸ್ತಕದ ಒಳಗೆಲ್ಲ ಒಮ್ಮೆ ನೋಡಿ ಅಂತ."

"ಬೇರೆ ಪುಸ್ತಕಗಳು ಎಲ್ಲಿ?"

"ಗುಜರಿಗೆ ಹಾಕಿದೆ. ಜನವರಿಯಲ್ಲೇ. ಒಂದನ್ನೂ ಇಟ್ಟುಕೊಂಡಿಲ್ಲ. ಗೆದ್ದಲು ಹಿಡಿದಿತ್ತು."

"ಅವರು ಬರೆದ ಕಾಗದ, ನೋಟ್‌ಬುಕ್?"

"ಆಗಲೇ ಹಿತ್ತಿಲಲ್ಲಿ ಸುಟ್ಟೆ. ಯಾರು ಓದುತ್ತಾರೆ ಮೇಡಂ ಅದನ್ನೆಲ್ಲ?"

ಮೇಡಂ ಡಿಕ್ಷನರಿಯನ್ನು ಕೈಗೆತ್ತಿಕೊಂಡು ಬೆನ್ನು ಸವರಿದರು, ಹಾಳೆ ಮಗುಚಿದರು, ಮೂಸಿ ನೋಡಿದರು. ಅಲ್ಲೇ ಇಟ್ಟರು.

"ನಿಮ್ಮ ಅಂಕಲ್ ನಿಮ್ಮ ಮನೆಯವರ ಪೈಕಿ ಯಾರ ಹತ್ತಿರ ಹೆಚ್ಚು ಮಾತಾಡುತ್ತಿದ್ದರು?"

"ನನ್ನ ಹತ್ತಿರ ಅಂತೂ ಅಲ್ಲ," ಎಂದ ಕಾರ್ಲ್. ಮೊದಲ ಸಲ ಅವನ ಮುಖದಲ್ಲಿ ಏನೋ ಕದಡಿತು. "ನಾನು ಫೋನ್ ಮಾಡಿದರೆ ನನ್ನ ಇಂಗ್ಲಿಷ್ ತಿದ್ದುತ್ತಿದ್ದರು. ಹಾಗಾಗಿ ಫೋನ್ ಮಾಡುವುದನ್ನೇ ಬಿಟ್ಟೆ."

ಹೊರಗೆ ಬಂದ ಮೇಲೆ ನಾನು ಹೇಳಿದೆ, "ಇವನೇ ಮೇಡಂ. ಮನೆಯಲ್ಲಿದ್ದ ಕೈಬರಹ ಎಲ್ಲ ಸುಟ್ಟಿದ್ದಾನೆ. ಕಾಗದ ಸಿಕ್ಕಿದ್ದು ಇವನಿಗೆ. ಲಾಭವೂ ಇವನಿಗೆ."

"ಲಾಭ ಇರುವವ ಬರೆಯಬೇಕು ಅಂತ ಎಲ್ಲಿ ಉಂಟು?" ಎಂದರು ಮೇಡಂ. "ದಾರಿ ತೋರಿಸಿ."

ದಾರಿ ಎಂದರೆ ನಾನೂರು ಅಡಿ. ಒಂದು ಬದಿಗೆ ಮಾಸ್ಟ್ರ ಮನೆಯ ಕೆಂಪು ಕಲ್ಲಿನ ಗೋಡೆ. ಇನ್ನೊಂದು ಬದಿಗೆ ರೆಸಾರ್ಟಿನವರು ಮೊದಲೇ ಕೊಂಡ ತೆಂಗಿನ ತೋಟ. ಒಂದು ರಿಕ್ಷಾ ಹೋಗುವಷ್ಟು ಅಗಲ. ಅದು ಮುಚ್ಚಿದರೆ ತಡಿಯ ಮನೆಯವರು ಮರಳಿನ ಮೇಲೆ ಒಂದೂವರೆ ಕಿಲೋಮೀಟರ್ ತೆಂಕಕ್ಕೆ ನಡೆದು ದೀಪಸ್ತಂಭದ ಕಡೆಯ ರಸ್ತೆ ಹಿಡಿಯಬೇಕು. ಗೇಟಿನ ಸರಳುಗಳಾಚೆ, ದಾರಿಯ ಕೊನೆಯಲ್ಲಿ, ಕಡಲು ಬೂದುಬಣ್ಣದಲ್ಲಿ ಕಾಣುತ್ತಿತ್ತು.

ಮರುದಿನ ಮಣಿಪಾಲ. ಗಾಜಿನ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಜಿತೇಂದ್ರನ ಆಫೀಸು. ನಲ್ವತ್ತರ ಆಸುಪಾಸು. ಸೌಮ್ಯ ಮಾತು. ಎಳನೀರು ತರಿಸಿದ.

"ನಾನು ಕಾಗದ ನೋಡಿದವ ಮೇಡಂ. ಬರೆದವ ಅಲ್ಲ."

"ಪುಸ್ತಕದ ಒಳಗೆ ನೋಡಿ ಅಂತ ಕಾರ್ಲ್‌ಗೆ ಹೇಳಿದ್ದು ನೀವು?"

"ಹಿರಿಯರು ಪುಸ್ತಕದಲ್ಲಿ ಕಾಗದ ಇಡುತ್ತಾರೆ. ಸಾಮಾನ್ಯ ಜ್ಞಾನ."

"ಮಾಸ್ಟ್ರನ್ನು ನೋಡಿದ್ದೀರಾ?"

"ಎರಡು ಸಲ. ದಾರಿಯ ವಿಷಯ ಎತ್ತಿದ ಕೂಡಲೇ ಬಾಗಿಲು ತೋರಿಸಿದರು. ಆಮೇಲೆ ಮನಸ್ಸು ಬದಲಾಯಿಸಿರಬೇಕು."

"ತಡಿಯ ಮನೆಗಳಿಗೆ ಹೋಗಿದ್ದೀರಾ?"

"ಇಲ್ಲ. ನನಗೆ ಅಲ್ಲಿ ಯಾರ ಪರಿಚಯವೂ ಇಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಅವರು ಅಲ್ಲಿರುವುದೇ ತಪ್ಪು. ಮಳೆಗಾಲದಲ್ಲಿ ಅಡುಗೆಮನೆಗೆ ನೀರು ನುಗ್ಗಿ ಒಲೆ ಮುಳುಗುತ್ತದೆ. ಅಕ್ಕಿ ಡಬ್ಬಿಯನ್ನು ಮಾಡಿನ ಜಂತಿಗೆ ಕಟ್ಟಿ ಮಲಗುತ್ತಾರೆ. ಅದು ಬದುಕಾ?"

ಮೇಡಂ ಎಳನೀರಿನ ಲೋಟವನ್ನು ಮೇಜಿನ ಮೇಲಿಟ್ಟರು. "ಅದು ಬದುಕಲ್ಲ," ಎಂದರು. "ನಿಮಗೆ ಮಕ್ಕಳು?"

"ಒಬ್ಬಳು ಮಗಳು. ಏಳನೇ ಕ್ಲಾಸು."

"ಎಲ್ಲಿ?"

ಅವನು ಶಾಲೆಯ ಹೆಸರು ಹೇಳಿದ. ಮೇಡಂ ಎದ್ದರು.

ಮೂರನೆಯ ದಿನ ಕಾರ್ಕಳ. ಆನೆಕೆರೆಯ ಹತ್ತಿರ ಮಾಸ್ಟ್ರ ಜತೆ ಲೆಕ್ಕ ಕಲಿಸಿದ ಆಂಟನಿಯವರ ಮನೆ. ಎಂಬತ್ತು ದಾಟಿದ ಮುದುಕರು. ಮಾತಿಗೆ ಜನ ಸಿಕ್ಕಿದ ಖುಷಿ.

"ಬೈವೇ ಅಂತ ದಾರಿಗೆ ಹೆಸರಿಟ್ಟರಂತಲ್ಲ, ಯಾಕೆ?" ಮೇಡಂ ಕೇಳಿದರು.

"ಓ, ಅದಾ! ಅದು ಅವನಿಗೆ ಪ್ರೀತಿಯ ಶಬ್ದ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸುತ್ತಿದ್ದ. ದೊಡ್ಡ ಗೆರೆ ಹೈವೇ. ಅದರಿಂದ ಒಡೆದು ಹೋಗುವ ಸಣ್ಣದು, ಹೆಚ್ಚು ಜನ ಓಡಾಡದ್ದು ಬೈವೇ. ಎರಡು ಬದಿ ಮನೆ ಇದ್ದರೆ ಸ್ಟ್ರೀಟ್, ಇಕ್ಕಟ್ಟಾದರೆ ಲೇನ್, ಬರೀ ಕಾಲಿಗೆ ಮಾತ್ರ ಆದರೆ ಪಾತ್. ಮಕ್ಕಳು ಎಲ್ಲದಕ್ಕೂ ರೋಡ್ ಅಂತ ಬರೆದರೆ ಉರಿದು ಬೀಳುತ್ತಿದ್ದ. ಒಂದೊಂದು ದಾರಿಗೆ ಒಂದೊಂದು ಶಬ್ದ ಇಟ್ಟುಕೊಂಡಿದ್ದಾರೆ, ನಿಮಗೆ ಹೇಳಲಿಕ್ಕೆ ಎಂತ ಉದಾಸೀನ ಅಂತ."

"ರಸ್ತೆ ಅಂತ ಸರಕಾರದವರು ಮಾಡಿರಬೇಕಾ ಅದು?"

"ಬೇಡ. ಯಾರೂ ಮಾಡಬೇಕಂತ ಇಲ್ಲ. ಜನ ನಡೆದು ನಡೆದು ಆದದ್ದೂ ಬೈವೇಯೇ. ಅದಕ್ಕೇ ಅವನಿಗೆ ಆ ಮೀನುಗಾರರ ದಾರಿ ಅಂದರೆ ಅಷ್ಟು ಅಭಿಮಾನ."

ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ವಾರಿಜಾಳ ಪಕ್ಕದ ಮನೆಯ ಸುಕೇಶ್. ನಾನು ಜಗಲಿಗೆ ಬಂದೆ.

"ವಕೀಲರೇ, ಗುಣಪಾಲಣ್ಣ ಹೋದರು."

ಬೆಳಗ್ಗೆ ಹನ್ನೊಂದು ಗಂಟೆಗೆ ಬಲೆಯ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡಿದ್ದ. ಸುಕೇಶ್ ಫೋನ್ ಮಾಡಿದ ಎಂಟೇ ನಿಮಿಷದಲ್ಲಿ ರಿಕ್ಷಾ ಗೇಟಿನ ಹತ್ತಿರ ಬಂದು ನಿಂತಿತು. ಕಾವಲುಗಾರನ ಬಳಿ ಬೀಗದ ಕೈ ಇರಲಿಲ್ಲ. ಅದು ಮಣಿಪಾಲದ ಆಫೀಸಿನಲ್ಲಿ. ಅವನು ಪಾಪ, ಕಲ್ಲು ತಂದು ಬೀಗಕ್ಕೆ ಕುಟ್ಟಿದನಂತೆ. ಬೀಗ ಒಡೆಯಲಿಲ್ಲ. ನಾಲ್ವರು ಗುಣಪಾಲನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮರಳಿನ ಮೇಲೆ ಹೊತ್ತು ನಡೆದರು. ಕಾಲು ಹೂತುಹೋಗುವ ಮರಳು. ಬಿಸಿಲು. ದೀಪಸ್ತಂಭದ ರಸ್ತೆ ಮುಟ್ಟಲು ನಲ್ವತ್ತು ನಿಮಿಷ. ಉಡುಪಿಯ ಆಸ್ಪತ್ರೆಯಲ್ಲಿ ಡಾಕ್ಟರರು ನಾಡಿ ನೋಡಿ ತಲೆಯಾಡಿಸಿದರು.

ನಾನು ಒಳಗೆ ಹೋದಾಗ ಆಂಟನಿಯವರು ಒಂದು ಹಳೆಯ ಉತ್ತರಪತ್ರಿಕೆಯನ್ನು ಮೇಡಂಗೆ ತೋರಿಸುತ್ತಿದ್ದರು. ಮೇಡಂ ತಲೆಯೆತ್ತಿ ನನ್ನ ಮುಖ ನೋಡಿದರು. ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

ಕಾರಿನಲ್ಲಿ ಹೇಳಿದರು, "ಯಾರು ಬರೆದದ್ದು ಅಂತ ನನಗೆ ಗೊತ್ತಾಗಿದೆ ಪ್ರವೀಣ್."

"ಯಾರು?"

"ಈಗ ಬೇಡ. ಉತ್ತರಕ್ರಿಯೆ ಮುಗಿಯಲಿ."

"ಮೇಡಂ, ಗೇಟು ಹಾಗೇ ಉಂಟು! ನಾಳೆ ಇನ್ನೊಬ್ಬರಿಗೆ ಏನಾದರೂ ಆದರೆ?"

"ಮಣಿಪಾಲಕ್ಕೆ ಫೋನ್ ಮಾಡಿ. ಒಬ್ಬ ಸತ್ತಿದ್ದಾನೆ, ಪೇಪರಿನವರು ಬರುತ್ತಾರೆ ಅಂತ ಹೇಳಿ. ಬೀಗದ ಕೈ ಗೇಟಿನ ಹತ್ತಿರ ಇಡುತ್ತಾರೆ. ಅಷ್ಟು ಬುದ್ಧಿ ಉಂಟು ಅವರಿಗೆ."

ಹಾಗೆಯೇ ಆಯಿತು.

ಅಂತ್ಯಕ್ರಿಯೆಗೆ ಹೋಗಿದ್ದೆವು. ವಾರಿಜಾಳ ಅಳು ಕಡಲಿನ ಸದ್ದಿಗಿಂತ ಮೇಲೆ ಕೇಳುತ್ತಿತ್ತು. ಮಾನಸ ಅಳಲಿಲ್ಲ. ಅಪ್ಪನನ್ನು ಹೊತ್ತೊಯ್ದ ಆ ಕುರ್ಚಿಯನ್ನು ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಉತ್ತರಕ್ರಿಯೆಯ ಮರುದಿನ ಮಧ್ಯಾಹ್ನ ನಾವು ಆ ಮನೆಗೆ ಹೋದೆವು. ಜೂನ್ ತಿಂಗಳ ಮೊದಲ ವಾರ. ಗಾಳಿ ಎದ್ದಿತ್ತು. ಅಲೆಗಳು ಅಂಗಳದ ಅಂಚಿನವರೆಗೆ ಬಂದು ಹೋಗುತ್ತಿದ್ದವು. ವಾರಿಜಾ ಚಾಪೆ ಹಾಸಿದಳು. ಮಾನಸ ಬಾಗಿಲ ಹತ್ತಿರ ನಿಂತಿದ್ದಳು.

"ಮಾನಸ, ಮಾಸ್ಟ್ರು ನಿನಗೆ ಒಂದು ಶಬ್ದದ ಪುಸ್ತಕ ಬರೆದು ಕೊಟ್ಟಿದ್ದರಲ್ಲ," ಎಂದರು ಮೇಡಂ. "ಅದನ್ನು ತಾ."

ನಾನು ಬೆಚ್ಚಿ ಮೇಡಂ ಕಡೆ ನೋಡಿದೆ. ಮಾನಸ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದಪ್ಪ ನೋಟ್‌ಬುಕ್ ತಂದು ಚಾಪೆಯ ಮೇಲಿಟ್ಟಳು. ಪುಟಕ್ಕೊಂದು ಶಬ್ದ. ಅರ್ಥ, ಬಳಸುವ ರೀತಿ, ಎರಡು ಮೂರು ವಾಕ್ಯ. ಪ್ರತಿ ಪುಟದ ಕೆಳಗೆ ಮಾಸ್ಟ್ರ ಸಹಿ.

ಮೇಡಂ ಒಂದು ಪುಟ ತೆರೆದರು. ಚೀಲದಿಂದ ಪಾರದರ್ಶಕ ಹಾಳೆ ತೆಗೆದರು. ಗೇಟಿನ ಕಾಗದವನ್ನು ಅಳತೆ ತಪ್ಪದಂತೆ ಅದರ ಮೇಲೆ ಪ್ರತಿ ಮಾಡಿಸಿದ್ದರು. ಅದನ್ನು ಪುಟದ ಮೇಲೆ ಸರಿಸುತ್ತ ಸರಿಸುತ್ತ ಒಂದು ಕಡೆ ನಿಲ್ಲಿಸಿದರು.

"ನೋಡಿ ಪ್ರವೀಣ್."

ಬೈವೇ ಎಂಬ ಶಬ್ದದ ಮೇಲೆ ಬೈವೇ ಎಂಬ ಶಬ್ದ. ಬಾಲ, ತಿರುವು, ಗೆರೆಯ ಏರಿಳಿತ ಎಲ್ಲ ಒಂದರ ಮೇಲೊಂದು ಕೂತಿತ್ತು. ಎರಡು ಶಬ್ದಗಳು ಕಾಣಲೇ ಇಲ್ಲ. ಒಂದೇ ಕಂಡಿತು.

"ಯಾವ ಮನುಷ್ಯನೂ ಒಂದೇ ಶಬ್ದವನ್ನು ಎರಡು ಸಲ ಕೂದಲೆಳೆಯ ವ್ಯತ್ಯಾಸವಿಲ್ಲದೆ ಬರೆಯುವುದಿಲ್ಲ. ಇದು ಬರೆದದ್ದಲ್ಲ, ಹಾಳೆ ಮೇಲಿಟ್ಟು ಅಡಿಯ ಗೆರೆ ತಿದ್ದಿದ್ದು. ನಿಮ್ಮ ತಜ್ಞರು ಆಕಾರ ನೋಡಿದರು. ಆಕಾರ ಮಾಸ್ಟ್ರದ್ದೇ, ಸುಳ್ಳಲ್ಲ. ಅವರು ಓದಿ ನೋಡಲಿಲ್ಲ. ನೀವೂ ಓದಲಿಲ್ಲ."

"ನಾನು ಓದಿದೆನಲ್ಲ ಮೇಡಂ! ಬೈ ವೇ ಆಫ್ ಪರ್ಮಿಷನ್. ಅನುಮತಿಯ ಮೇರೆಗೆ."

"ಅಲ್ಲ. ನೀವು ಓದಿದ್ದು ಅಲ್ಲಿ ಇರಬೇಕಾದದ್ದನ್ನು. ಇರುವುದನ್ನು ನೋಡಿ."

ನೋಡಿದೆ. ತಿಂಗಳಿಡೀ ನನ್ನ ಕಣ್ಣೆದುರು ಇದ್ದದ್ದು. ಅನುಮತಿಯ ಮೇರೆಗೆ ಎಂದು ಹೇಳಬೇಕಾದರೆ ಅದು ಎರಡು ಶಬ್ದ, ಬೈ ಬೇರೆ, ವೇ ಬೇರೆ. ಕಾಗದದಲ್ಲಿ ಎರಡೂ ಅಂಟಿಕೊಂಡಿದ್ದವು. ಅಂಟಿಕೊಂಡರೆ ಅದರ ಅರ್ಥ ಒಂದೇ: ಸಣ್ಣ ದಾರಿ.

"ಆಂಟನಿಯವರು ತೋರಿಸಿದ ಉತ್ತರಪತ್ರಿಕೆ ಯಾವುದು ಗೊತ್ತಾ? ಅವರ ತಮ್ಮನ ಮಗನದ್ದು. ಇದೇ ತಪ್ಪಿಗೆ ಮಾಸ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಒಂದು ಮಾರ್ಕ್ ಕಳೆದಿದ್ದರು. ಮೂವತ್ತೆರಡು ವರ್ಷ ಈ ತಪ್ಪಿಗೆ ಮಾರ್ಕ್ ಕಳೆದವರು ತಾವೇ ಬರೆಯುತ್ತಾರಾ? ಇಲ್ಲ. ಹಾಗಾದರೆ ಬರೆದವರಿಗೆ ಆ ಶಬ್ದ ಸಿಕ್ಕಿದ್ದು ಎಲ್ಲಿಂದ? ಮಾಸ್ಟ್ರು ದಾರಿ ಎಂಬ ಅರ್ಥದಲ್ಲಿ ಬರೆದ ಯಾವುದೋ ಹಾಳೆಯಿಂದ. ಅವರ ಹಾಳೆಗಳನ್ನೆಲ್ಲ ಕಾರ್ಲ್ ಜನವರಿಯಲ್ಲೇ ಸುಟ್ಟಿದ್ದಾನೆ. ನಿವೃತ್ತಿಯಾದ ಮೇಲೆ ತಡಿಯ ಒಬ್ಬ ಹುಡುಗಿಗೆ ಶಬ್ದದ ಪುಸ್ತಕ ಬರೆದು ಕೊಟ್ಟ ಸಂಗತಿ ಆಂಟನಿ ಹೇಳಿದರು. ನೀವು ಆಗ ಫೋನಿನಲ್ಲಿ ಇದ್ದಿರಿ."

"ಡಿಕ್ಷನರಿ?"

"ಒಂದು ಪುಸ್ತಕವನ್ನೂ ಉಳಿಸದೆ ಗುಜರಿಗೆ ಹಾಕಿದ ಮನೆಯಲ್ಲಿ ಒಂದು ಡಿಕ್ಷನರಿ ಹೇಗೆ ಉಳಿಯಿತು? ಗೆದ್ದಲಿನ ಗುರುತೇ ಇಲ್ಲ. ಹಾಳೆಗೆ ಒಣಮೀನಿನ ವಾಸನೆ ಉಂಟು. ಅದು ಆಗ ಮನೆಯಲ್ಲಿ ಇರಲಿಲ್ಲ. ಯಾರೋ ಓದಲು ಕೊಂಡುಹೋದವರು ಏಪ್ರಿಲ್‌ನಲ್ಲಿ ವಾಪಸು ಇಟ್ಟರು, ಒಳಗೆ ಕಾಗದ ಇಟ್ಟು. ಇನ್ನು ಜಿತೇಂದ್ರ. ತಡಿಯಲ್ಲಿ ಯಾರ ಪರಿಚಯವೂ ಇಲ್ಲ ಅಂದವನಿಗೆ ಅಕ್ಕಿ ಡಬ್ಬಿ ಮಾಡಿಗೆ ಕಟ್ಟುವುದು ಗೊತ್ತು. ಅವನ ಮಗಳು ಓದುವುದು ಮಾನಸ ಕಲಿಸುವ ಶಾಲೆಯಲ್ಲಿ."

ವಾರಿಜಾ ಮಗಳ ಕಡೆ ನೋಡುತ್ತಿದ್ದಳು.

"ಇಲ್ಲ ಅಂತ ಹೇಳು ಮಗಾ."

ಮಾನಸ ನೋಟ್‌ಬುಕ್ಕಿನ ಕಡೆಗೇ ನೋಡುತ್ತಿದ್ದಳು.

"ಈ ಪುಟದ ಕೊನೆಗೆ ನೋಡು," ಎಂದರು ಮೇಡಂ ಮೆತ್ತಗೆ. "ಇದನ್ನು ಬೈ ವೇ ಆಫ್ ಜತೆ ಬೆರೆಸಬೇಡ, ಅದು ಎರಡು ಶಬ್ದ ಅಂತ ಅವರೇ ಬರೆದಿದ್ದಾರೆ. ಆ ತಪ್ಪನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಕಾಣಬೇಕಾದವಳು ನೀನು. ವಕೀಲರ ಆಫೀಸಿನಲ್ಲಿ ಕಾಗದ ಓದಿದಾಗ ನೀನು ಹೇಳಲಿಲ್ಲ."

"ಮೇಲಿಟ್ಟು ತಿದ್ದುವಾಗ ಓದುವುದಿಲ್ಲ ಮೇಡಂ," ಎಂದಳು ಮಾನಸ. "ಗೆರೆ ಮಾತ್ರ ಕಾಣುವುದು. ಗೇಟು ಹಾಕಿದ ದಿನ ಜೆರಾಕ್ಸ್ ನೋಡಿದಾಗಲೇ ಗೊತ್ತಾಯಿತು. ಮಾಸ್ಟ್ರು ಕೂತು ಸುತ್ತು ಹಾಕಿದ ಹಾಗೆ ಕಂಡಿತು."

"ಯಾಕೆ?" ವಾರಿಜಾಳ ಬಾಯಿಂದ ಬಂದದ್ದು ಮಾತಲ್ಲ, ಉಸಿರು.

"ಯಾಕೆ ಅಂತ ಕೇಳುತ್ತೀಯಾ ಅಮ್ಮ? ಹದಿಮೂರು ಮನೆ ಇದ್ದದ್ದು ಕಡಲು ತಿಂದು ಹನ್ನೊಂದು ಆಯಿತು. ಮುಂದಿನದ್ದು ನಮ್ಮದೇ. ನಿನಗೂ ಗೊತ್ತು, ಅಪ್ಪನಿಗೂ ಗೊತ್ತಿತ್ತು. ಇಲ್ಲಿಂದ ಏಳುವ ಅಂದರೆ ನೀವು ಏಳಲಿಲ್ಲ. ಮಾಸ್ಟ್ರು ಕಲ್ಲಿನ ಗೋಡೆಯ ಒಳಗೆ ಕೂತು, ಬಿಡಬೇಡಿ, ಬೈವೇ ನಿಮ್ಮದು ಅನ್ನುತ್ತಿದ್ದರು. ಅವರ ಅಡುಗೆಮನೆಗೆ ಒಂದು ದಿನ ನೀರು ಬಂದದ್ದುಂಟಾ? ಜಿತೇಂದ್ರ ಸರ್ ಶಾಲೆಗೆ ಬಂದಾಗ ನಕ್ಷೆ ತೋರಿಸಿದರು. ಮೇನ್ ರೋಡಿನ ಬದಿಗೆ ಹನ್ನೊಂದು ಮನೆ. ದಾರಿ ಇರುವ ತನಕ ನಿಮ್ಮವರು ಏಳುವುದಿಲ್ಲ, ಏಳದಿದ್ದರೆ ಕಂಪೆನಿ ಮನೆ ಕಟ್ಟಿ ಕೊಡುವುದಿಲ್ಲ ಅಂದರು. ಕಾಗದದಲ್ಲಿ ಎಂತ ಇರಬೇಕು ಅಂತ ಹೇಳಿದ್ದೂ ಅವರೇ. ನಾನು..." ಅವಳು ತಡೆದಳು. "ಮಳೆ ಬರುವ ಮೊದಲು ನಿಮ್ಮನ್ನು ಇಲ್ಲಿಂದ ಹೊರಡಿಸಬೇಕು ಅಂತ ಇತ್ತು. ಅಷ್ಟೇ."

"ಗೇಟು ಹಾಕಿದ ಮೇಲೆ?" ನಾನು ಕೇಳಿದೆ.

"ಅವರು ನನ್ನ ಫೋನ್ ಎತ್ತುವುದಿಲ್ಲ."

"ಅಪ್ಪ ಸತ್ತ ಮೇಲೂ ನೀನು ಸುಮ್ಮನಿದ್ದೆ," ಎಂದರು ಮೇಡಂ.

"ಹೇಳಿದರೆ ಅಪ್ಪ ಬರುತ್ತಾರಾ?"

ವಾರಿಜಾ ಎದ್ದಳು. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಮಗಳನ್ನು ದಾಟಿ ಅಂಗಳಕ್ಕೆ ಹೋಗಿ ನಮಗೆ ಬೆನ್ನು ಹಾಕಿ ನಿಂತಳು. ಅಲೆ ಬಂದು ಅವಳ ಪಾದ ನೆನೆಸಿ ಹೋಯಿತು.

ಮುಂದಿನದ್ದು ಬೇಗ ಮುಗಿಯಿತು. ಮಾನಸ ತಾನಾಗಿಯೇ ಕೋರ್ಟಿಗೆ ಅಫಿಡವಿಟ್ ಕೊಟ್ಟಳು. ಬೇಡ ಎಂದು ಹೇಳಬೇಕಾದವನು ನಾನು, ಹೇಳಲಿಲ್ಲ. ಹನ್ನೊಂದು ಮನೆಗಳ ಮೊಕದ್ದಮೆ ಅದರ ಮೇಲೆ ನಿಂತಿತ್ತು. ಕಾಗದ ಖೋಟಾ ಎಂದಾಯಿತು. ಗೇಟು ತೆಗೆಯಲು ಆದೇಶ ಬಂತು.

ರೆಸಾರ್ಟಿನ ಕಂಪೆನಿ ಮರುದಿನವೇ ಪೇಪರಿಗೆ ಹೇಳಿಕೆ ಕೊಟ್ಟಿತು: ನಾವೂ ಮೋಸಹೋದವರು. ಪೊಲೀಸರಿಗೆ ದೂರು ಕೊಟ್ಟದ್ದೂ ಅವರೇ. ಆರೋಪಿ ಒಬ್ಬಳೇ, ಮಾನಸ. ಜಿತೇಂದ್ರನ ಮಾತಿಗೆ ಸಾಕ್ಷಿ ಇಲ್ಲ. ಅವನು ತೋರಿಸಿದ ನಕ್ಷೆಯನ್ನು ಬೇರೆ ಯಾರೂ ನೋಡಿಲ್ಲ. ಕಾರ್ಲ್ ಕುವೈತಿಗೆ ಹೋದ. ಪುಸ್ತಕದ ಒಳಗೆ ನೋಡಲು ಯಾರು ಹೇಳಿದ್ದೆಂದು ಫೋನಿನಲ್ಲಿ ಕೇಳಿದರೆ, ನೆನಪಿಲ್ಲ ಎಂದ. ಶಾಲೆಯವರು ಮಾನಸಳನ್ನು ತೆಗೆದುಹಾಕಿದರು. ವೆರೊನಿಕಾ ಮೇಡಂ ಎರಡು ತಿಂಗಳು ಜಿತೇಂದ್ರನ ಬೆನ್ನು ಹತ್ತಿದರು. ಏನೂ ಸಿಗಲಿಲ್ಲ. "ಬರೆಯದವನನ್ನು ಹಿಡಿಯಲಿಕ್ಕೆ ನನಗೆ ಬರುವುದಿಲ್ಲ ಪ್ರವೀಣ್," ಎಂದರು ಒಂದು ದಿನ.

ಆಗಸ್ಟಿನಲ್ಲಿ ವಾರಿಜಾ ಒಬ್ಬಳೇ ನನ್ನ ಕಚೇರಿಗೆ ಬಂದಳು.

"ಸಾಲಿನವರು ನಮ್ಮ ಹತ್ತಿರ ಮಾತಾಡುವುದಿಲ್ಲ ವಕೀಲರೇ. ಸುಕೇಶ್ ಸಹ ಇಲ್ಲ. ಅದಿರಲಿ. ಅವಳ ಕೇಸು ನೀವು ತೆಗೆದುಕೊಳ್ಳುತ್ತೀರಾ?"

"ಆಗುವುದಿಲ್ಲ ವಾರಿಜಕ್ಕ. ಅವಳು ತಪ್ಪು ಮಾಡಿದ್ದಾಳೆ ಅಂತ ತೋರಿಸಿ ಗೆದ್ದವನೇ ನಾನು. ಬೇರೆಯವರ ಹೆಸರು ಕೊಡುತ್ತೇನೆ. ಒಳ್ಳೆಯವರು."

ಅವಳು ತಲೆಯಾಡಿಸಿದಳು. "ಸಾಕ್ಷಿಗೆ ಯಾರನ್ನೆಲ್ಲ ಕರೆಯುತ್ತಾರೆ?"

"ವೆರೊನಿಕಾ ಮೇಡಂ. ಬಹುಶಃ ನನ್ನನ್ನು. ನಿಮ್ಮನ್ನೂ ಕರೆಯಬಹುದು."

"ನನ್ನನ್ನಾ?"

"ಅವಳು ಒಪ್ಪಿಕೊಂಡಾಗ ನೀವು ಅಲ್ಲೇ ಇದ್ದಿರಲ್ಲ. ಕೇಳಿದ್ದನ್ನು ಹೇಳಬೇಕಾಗುತ್ತದೆ."

ವಾರಿಜಾ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಗೆ ಮಳೆ ಹಿಡಿದಿತ್ತು. ಅಫಿಡವಿಟ್ ಇರುವಾಗ ಅವಳ ಮಾತಿನಿಂದ ಏನೂ ಬದಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಆ ದಿನ ಕಡಲು ಜೋರಿತ್ತು ವಕೀಲರೇ," ಎಂದಳು ಅವಳು, ನನ್ನ ಕಣ್ಣನ್ನೇ ನೋಡುತ್ತ. "ನನಗೆ ಏನೂ ಕೇಳಿಸಲಿಲ್ಲ."